ಒಂದು ಚೀಟಿ, ಇಪ್ಪತ್ತೊಂದು ಕಂಪ್ಯೂಟರ್

 

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಕುಪ್ಪೇಲೂರಿನಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತೇನೆ. ಕಳೆದ ಜನವರಿಯಲ್ಲಿ ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳಿಗೆಲ್ಲ ಹೊಸ ಆಫೀಸ್ ಸಾಫ್ಟ್‌ವೇರ್ ಹಾಕುವ ಕೆಲಸದಲ್ಲಿ ಕಂಪ್ಯೂಟರ್ ಸರ್ ಅವರಿಗೆ ನಾವು ನಾಲ್ಕು ಮಂದಿ ಸಹಾಯ ಮಾಡಿದೆವು. ಆ ಕೆಲಸ ಹೇಗೆ ಮಾಡುತ್ತಾರೆ ಎಂಬುದನ್ನೂ, ಅದರಲ್ಲಿ ನನ್ನಿಂದ ಆದ ಒಂದು ದೊಡ್ಡ ತಪ್ಪನ್ನೂ ಈ ಲೇಖನದಲ್ಲಿ ಬರೆದಿದ್ದೇನೆ. ಮುಂದೆ ಈ ಕೆಲಸ ಮಾಡುವ ಕಿರಿಯರಿಗೆ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ಒಂದು ಸೂಚನೆ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ತೊಂದರೆ ಏನಿತ್ತು?

ನಮ್ಮ ಲ್ಯಾಬಿನಲ್ಲಿ 20 ಕಂಪ್ಯೂಟರ್‌ಗಳಿವೆ. ಗ್ರಂಥಾಲಯದಲ್ಲಿ ಒಂದು ಇದೆ. ಒಟ್ಟು 21. ಇವು ಬೇರೆ ಬೇರೆ ವರ್ಷ ಬಂದವು. ಹಾಗಾಗಿ ಕೆಲವುದರಲ್ಲಿ ಆಫೀಸ್ 2010 ಇತ್ತು, ಕೆಲವುದರಲ್ಲಿ ಆಫೀಸ್ 2016 ಇತ್ತು.

ಇದರಿಂದ ಏನಾಗುತ್ತಿತ್ತು ಎಂದು ಒಂದು ಉದಾಹರಣೆ ಹೇಳುತ್ತೇನೆ. ಅಕೌಂಟೆನ್ಸಿ ಪ್ರಾಜೆಕ್ಟಿಗಾಗಿ ಒಬ್ಬ ಗೆಳತಿ ನಾಲ್ಕನೇ ನಂಬರಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸಿ ವಾಟರ್‌ಫಾಲ್ ಚಾರ್ಟ್ ಮಾಡಿದ್ದಳು. ಆರಂಭದ ಶಿಲ್ಕು ಎಷ್ಟು, ಏನೇನು ಬಂತು, ಏನೇನು ಹೋಯಿತು, ಕೊನೆಯ ಶಿಲ್ಕು ಎಷ್ಟು ಎಂಬುದನ್ನು ಆ ಚಾರ್ಟ್ ಮೆಟ್ಟಿಲಿನ ಹಾಗೆ ತೋರಿಸುತ್ತದೆ. ಮರುದಿನ ನಾಲ್ಕನೇ ನಂಬರು ಖಾಲಿ ಇರಲಿಲ್ಲ. ಹನ್ನೊಂದನೇ ನಂಬರಿನಲ್ಲಿ ಅದೇ ಫೈಲ್ ತೆರೆದಳು. ಚಾರ್ಟ್ ಇದ್ದ ಕಡೆ ಖಾಲಿ ಚೌಕ! ಅವಳು ತನ್ನ ಕೆಲಸವೆಲ್ಲ ಅಳಿಸಿ ಹೋಯಿತು ಎಂದು ಅತ್ತೇಬಿಟ್ಟಳು. ನಿಜವಾಗಿ ಏನೂ ಅಳಿಸಿರಲಿಲ್ಲ. ವಾಟರ್‌ಫಾಲ್ ಚಾರ್ಟ್ ಬಂದದ್ದು ಎಕ್ಸೆಲ್ 2016ರಲ್ಲಿ. ಹನ್ನೊಂದನೇ ನಂಬರಿನಲ್ಲಿ ಇದ್ದದ್ದು 2010.

ಇನ್ನೊಂದು ಕಾರಣವೂ ಇತ್ತು. ಆಫೀಸ್ 2010ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2020ರ ಅಕ್ಟೋಬರ್ 13ಕ್ಕೇ ಮುಗಿದಿತ್ತು. ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲ ಮುಗಿದ ಮೇಲೆ ಸುರಕ್ಷತೆಯ ತಿದ್ದುಪಡಿಗಳು ಬರುವುದಿಲ್ಲ. ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಓಡಾಡುವ ಲ್ಯಾಬಿನಲ್ಲಿ ಇದು ಒಳ್ಳೆಯದಲ್ಲ. ಆದ್ದರಿಂದ ಕಾಲೇಜಿನ ಆಡಳಿತ ಮಂಡಳಿಯವರು ಆಫೀಸ್ ಪ್ರೊಫೆಷನಲ್ ಪ್ಲಸ್ 2024ರ ಪರವಾನಗಿ ಕೊಂಡರು.

ಒಂದೊಂದಾಗಿ ಹಾಕಿದರೆ ಆಗುವುದಿಲ್ಲವೇ?

ನಾನು ಮೊದಲು ಕೇಳಿದ ಪ್ರಶ್ನೆಯೂ ಇದೇ. ಸರ್ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದರು. ಒಂದು ಕಂಪ್ಯೂಟರಿಗೆ ಕುಳಿತು ಹಾಕಲು 45 ನಿಮಿಷ ಎಂದು ಹಿಡಿಯೋಣ. 21 ಕಂಪ್ಯೂಟರಿಗೆ 945 ನಿಮಿಷ, ಅಂದರೆ 15 ಗಂಟೆ 45 ನಿಮಿಷ. ಪ್ರತಿಯೊಂದೂ ಇಂಟರ್ನೆಟ್ಟಿನಿಂದ ಬೇರೆ ಬೇರೆಯಾಗಿ ಸುಮಾರು 3 ಜಿಬಿ ಇಳಿಸಿಕೊಂಡರೆ ಒಟ್ಟು 63 ಜಿಬಿ. ನಮ್ಮ ಲ್ಯಾಬಿನ ಇಂಟರ್ನೆಟ್ಟಿಗೆ ಅಷ್ಟು ಶಕ್ತಿ ಇಲ್ಲ.

ಸಮಯಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಾಲ್ಕು ಜನ ಕುಳಿತು ಒಂದೊಂದಾಗಿ ಹಾಕಿದರೆ ನಾಲ್ಕು ತರಹ ಆಗುತ್ತದೆ. ಒಬ್ಬರು ಒಂದು ಗುಂಡಿ ಒತ್ತುತ್ತಾರೆ, ಇನ್ನೊಬ್ಬರು ಬೇರೆ ಒತ್ತುತ್ತಾರೆ. ಕೊನೆಗೆ ಯಾವುದರಲ್ಲಿ ಏನಿದೆ ಎಂದು ಯಾರಿಗೂ ನೆನಪಿರುವುದಿಲ್ಲ. ನಮ್ಮ ಹಳೆಯ ತೊಂದರೆಯೂ ಅದೇ ಆಗಿತ್ತಲ್ಲ?

ಇದಕ್ಕೆ ಉಪಾಯವೇ ಕಾನ್ಫಿಗರೇಶನ್ ಫೈಲ್. ಕನ್ನಡದಲ್ಲಿ ಸಂರಚನಾ ಕಡತ ಎನ್ನಬಹುದು. ನಾವು ಲ್ಯಾಬಿನಲ್ಲಿ ಅದನ್ನು ‘ಚೀಟಿ’ ಎಂದು ಕರೆದೆವು. ಆ ಹೆಸರು ಬಂದದ್ದು ಹೀಗೆ: ನಮ್ಮ ಮನೆಗಳ ಮದುವೆ ದಾವತ್ತಿನಲ್ಲಿ ಬಾವರ್ಚಿ ಮೊದಲು ಒಂದು ಚೀಟಿ ಬರೆಸುತ್ತಾರೆ. ಒಂದು ಡೇಗಿಗೆ ಅಕ್ಕಿ ಎಷ್ಟು, ಮಾಂಸ ಎಷ್ಟು, ಎಣ್ಣೆ ಎಷ್ಟು, ಬ್ಯಾಡಗಿ ಮೆಣಸಿನಕಾಯಿ ಎಷ್ಟು. ಐದು ಡೇಗುಗಳಿದ್ದರೂ ಐವರು ಅಡುಗೆಯವರು ಅದೇ ಚೀಟಿ ನೋಡಿ ಮಾಡುತ್ತಾರೆ. ಹಾಗಾಗಿ ಯಾವ ಡೇಗಿನಿಂದ ಬಡಿಸಿದರೂ ರುಚಿ ಒಂದೇ. ಆದರೆ ಚೀಟಿಯಲ್ಲೇ ಉಪ್ಪು ಎರಡರಷ್ಟು ಬರೆದಿದ್ದರೆ? ಐದು ಡೇಗೂ ಉಪ್ಪಾಗುತ್ತವೆ. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮೊದಲನೇ ಹೆಜ್ಜೆ: ಎಣಿಕೆ

ಸ್ಟಾಕ್ ತೆಗೆದುಕೊಳ್ಳದೆ ಅಂಗಡಿಯ ಲೆಕ್ಕ ಮುಗಿಸಲು ಆಗುವುದಿಲ್ಲ. ಇಲ್ಲಿಯೂ ಹಾಗೆಯೇ. ನಾವು ಒಂದು ರಿಜಿಸ್ಟರಿನಲ್ಲಿ ಗೆರೆ ಎಳೆದು ಪ್ರತಿ ಕಂಪ್ಯೂಟರಿನ ವಿವರ ಬರೆದೆವು: ನಂಬರು, ವಿಂಡೋಸ್ ಯಾವುದು, 32 ಬಿಟ್‌ ಅಥವಾ 64 ಬಿಟ್‌, ರ್‍ಯಾಮ್ ಎಷ್ಟು, ಡಿಸ್ಕಿನಲ್ಲಿ ಖಾಲಿ ಜಾಗ ಎಷ್ಟು, ಈಗ ಇರುವ ಆಫೀಸ್ ಯಾವುದು. ಆಫೀಸ್ 2024ಕ್ಕೆ ವಿಂಡೋಸ್ 10 ಅಥವಾ 11 ಬೇಕು. ಒಂದೇ ಕಂಪ್ಯೂಟರಿನಲ್ಲಿ 32 ಬಿಟ್‌ ಆಫೀಸನ್ನೂ 64 ಬಿಟ್‌ ಆಫೀಸನ್ನೂ ಬೆರೆಸಬಾರದು. ಅದಕ್ಕೇ ಈ ಪಟ್ಟಿ.

ಈ ರಿಜಿಸ್ಟರಿನಲ್ಲಿ ಆರು ಕಾಲಂ ಇದ್ದವು. ಏಳನೆಯದು ಒಂದು ಇರಬೇಕಿತ್ತು. ಅದು ಯಾವುದು ಎಂದು ಆಮೇಲೆ ಹೇಳುತ್ತೇನೆ.

ಎರಡನೇ ಹೆಜ್ಜೆ: ಸಾಧನ ತರುವುದು

ಮೈಕ್ರೋಸಾಫ್ಟಿನವರು ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್ ಎಂಬ ಚಿಕ್ಕ ಸಾಧನವನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತಾರೆ. ಇದು ಆಫೀಸ್ ಅಲ್ಲ, ಆಫೀಸನ್ನು ಹಾಕಿಕೊಡುವ ಸಾಧನ. ಅದನ್ನು ತೆರೆದರೆ ಒಂದು ಫೋಲ್ಡರಿನಲ್ಲಿ ಸೆಟಪ್ ಎಂಬ ಪ್ರೋಗ್ರಾಂ ಮತ್ತು ಮಾದರಿ ಚೀಟಿಗಳು ಸಿಗುತ್ತವೆ. ಆ ಮಾದರಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಬರೆಯಲು ಹೆದರಿಕೆ ಇರುವವರಿಗೆ ಆಫೀಸ್ ಕಸ್ಟಮೈಸೇಶನ್ ಟೂಲ್ ಎಂಬ ಜಾಲಪುಟವೂ ಇದೆ. ಅಲ್ಲಿ ಪ್ರಶ್ನೆಗಳಿಗೆ ಉತ್ತರ ಆರಿಸುತ್ತ ಹೋದರೆ ಅದೇ ಚೀಟಿ ಬರೆದುಕೊಡುತ್ತದೆ. ಆದರೂ ಒಮ್ಮೆ ಕೈಯಲ್ಲೇ ಬರೆದು ನೋಡುವುದು ಒಳ್ಳೆಯದು. ಆಗ ಪ್ರತಿ ಸಾಲಿನ ಅರ್ಥ ತಿಳಿಯುತ್ತದೆ.

ಮೂರನೇ ಹೆಜ್ಜೆ: ಚೀಟಿ ಬರೆಯುವುದು

ಚೀಟಿಯ ಭಾಷೆಗೆ ಎಕ್ಸ್‌ಎಂಎಲ್ ಎಂದು ಹೆಸರು. ಅದರ ನಿಯಮ ಸರಳ. ತೆರೆದ ಪ್ರತಿ ಗುರುತನ್ನು ಮುಚ್ಚಬೇಕು. ಡೆಬಿಟ್ ಬರೆದ ಮೇಲೆ ಕ್ರೆಡಿಟ್ ಬರೆಯದಿದ್ದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದಿಲ್ಲವಲ್ಲ, ಹಾಗೆಯೇ ಇದು. ಮುಖ್ಯ ಸಾಲುಗಳು ಇವು:

ಆ್ಯಡ್: ಏನು ಹಾಕಬೇಕು ಎಂದು ಹೇಳುವ ಸಾಲು. ಇದರಲ್ಲೇ 64 ಅಥವಾ 32 ಎಂದು ಬರೆಯಬೇಕು. ಫೈಲುಗಳು ಯಾವ ಫೋಲ್ಡರಿನಲ್ಲಿವೆ ಎಂಬ ವಿಳಾಸವನ್ನೂ ಇಲ್ಲೇ ಕೊಡಬಹುದು. ವಿಳಾಸ ಕೊಡದಿದ್ದರೆ ಸೆಟಪ್ ಮೊದಲು ತಾನಿರುವ ಫೋಲ್ಡರಿನಲ್ಲಿ ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ಇಂಟರ್ನೆಟ್ಟಿಗೆ ಹೋಗುತ್ತದೆ.

ಚಾನಲ್ ಮತ್ತು ಪ್ರಾಡಕ್ಟ್: ಇವೆರಡೂ ಒಂದಕ್ಕೊಂದು ಹೊಂದಬೇಕು. 2024ರ ಪ್ರಾಡಕ್ಟ್ ಬರೆದು 2021ರ ಚಾನಲ್ ಬರೆದರೆ ಕೆಲಸ ಆಗುವುದಿಲ್ಲ.

ಲ್ಯಾಂಗ್ವೇಜ್: ಭಾಷೆ. ಇಂಗ್ಲಿಷಿನ ಗುರುತು ಇಎನ್-ಯುಎಸ್. ಕನ್ನಡದ ಗುರುತು ಕೆಎನ್-ಐಎನ್. ಆದರೆ ಆಫೀಸಿನ ಪಟ್ಟಿಯಲ್ಲಿ ಕನ್ನಡ ಭಾಗಶಃ ಭಾಷೆ. ಎಲ್ಲ ಪರದೆಗಳೂ ಕನ್ನಡಕ್ಕೆ ಬಂದಿಲ್ಲ. ಆದ್ದರಿಂದ ಕನ್ನಡ ಒಂದನ್ನೇ ಬರೆದರೆ ಸಾಲದು, ಜೊತೆಗೆ ಇಂಗ್ಲಿಷಿನಂಥ ಒಂದು ಪೂರ್ಣ ಭಾಷೆ ಇರಬೇಕು. ನಮ್ಮ ಉರ್ದು ಉಪನ್ಯಾಸಕರು ಉರ್ದುವೂ ಇರಲಿ ಎಂದರು. ಕನ್ನಡಕ್ಕೆ ಕೆಎನ್-ಐಎನ್ ಆದರೆ ಉರ್ದುವಿಗೆ ಯುಆರ್-ಐಎನ್ ಇರಬೇಕು ಎಂದು ನಾನೇ ಅಂದಾಜು ಮಾಡಿ ಬರೆದೆ. ಸೆಟಪ್ ಒಪ್ಪಲಿಲ್ಲ. ಪಟ್ಟಿ ತೆಗೆದು ನೋಡಿದರೆ ಆಫೀಸಿನಲ್ಲಿ ಉರ್ದುವಿನ ಗುರುತು ಯುಆರ್-ಪಿಕೆ. ಮನೆಮಾತಾದರೇನು, ಗುರುತನ್ನು ಪಟ್ಟಿ ನೋಡಿಯೇ ಬರೆಯಬೇಕು.

ಎಕ್ಸ್‌ಕ್ಲೂಡ್ ಆ್ಯಪ್: ಬೇಡವಾದದ್ದನ್ನು ಬಿಡುವ ಸಾಲು. ಪ್ರೊಫೆಷನಲ್ ಪ್ಲಸ್‌ನಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಅಲ್ಲದೆ ಔಟ್‌ಲುಕ್, ಆ್ಯಕ್ಸೆಸ್ ಮುಂತಾದವೂ ಇರುತ್ತವೆ. ಲ್ಯಾಬಿಗೆ ಬೇಡವಾದದ್ದನ್ನು ಇಲ್ಲಿ ಬರೆದರೆ ಜಾಗ ಉಳಿಯುತ್ತದೆ. ಕೆಲವುದಕ್ಕೆ ಇಲ್ಲಿ ಹಳೆಯ ಹೆಸರು. ಸ್ಕೈಪ್ ಫಾರ್ ಬಿಸಿನೆಸ್ ಬೇಡ ಎನ್ನಬೇಕಾದರೆ ಲಿಂಕ್ ಎಂಬ ಅದರ ಹಿಂದಿನ ಹೆಸರನ್ನೇ ಬರೆಯಬೇಕು.

ರಿಮೂವ್ ಎಂಎಸ್‌ಐ: ಎಂಎಸ್‌ಐ ಎಂಬ ಹಳೆಯ ವಿಧಾನದಲ್ಲಿ ಹಾಕಿದ ಆಫೀಸನ್ನು ತೆಗೆದುಹಾಕುವ ಸಾಲು. ನಮ್ಮಲ್ಲಿದ್ದ 2010 ಮತ್ತು 2016 ಎರಡೂ ಹಾಗೆ ಹಾಕಿದವು. ನಾವು ಮಾಡಿದ ವರ್ಡ್, ಎಕ್ಸೆಲ್ ಫೈಲುಗಳನ್ನು ಇದು ಮುಟ್ಟುವುದಿಲ್ಲ. ಅವನ್ನು ತೆರೆಯುವ ಹಳೆಯ ಪ್ರೋಗ್ರಾಂಗಳನ್ನು ಮಾತ್ರ ತೆಗೆಯುತ್ತದೆ.

ಡಿಸ್‌ಪ್ಲೇ: ಕೆಲಸ ನಡೆಯುವಾಗ ಪರದೆಯ ಮೇಲೆ ತೋರಿಸಬೇಕೇ ಬೇಡವೇ ಎಂಬ ಸಾಲು. ನನ್ ಎಂದು ಬರೆದರೆ ಏನೂ ಕಾಣುವುದಿಲ್ಲ. ನಮ್ಮ ಗುಂಪಿನ ಒಬ್ಬ ಹುಡುಗ ಏನೂ ಆಗುತ್ತಿಲ್ಲ ಎಂದು ನಡುವೆಯೇ ಕಂಪ್ಯೂಟರ್ ಆಫ್ ಮಾಡಿಬಿಟ್ಟ. ಆದ್ದರಿಂದ ಕಲಿಯುವಾಗ ಫುಲ್ ಎಂದು ಬರೆಯುವುದೇ ಒಳ್ಳೆಯದು.

ಲಾಗಿಂಗ್: ಏನೇನು ನಡೆಯಿತು ಎಂದು ಸಾಲು ಸಾಲಾಗಿ ಬರೆದಿಡಲು ಹೇಳುವ ಸಾಲು. ಇದು ನಮ್ಮ ಜರ್ನಲ್ ಪುಸ್ತಕ ಇದ್ದ ಹಾಗೆ. ತಪ್ಪಾದರೆ ಎಲ್ಲಿ ತಪ್ಪಾಯಿತು ಎಂದು ಹುಡುಕಲು ಇದು ಸಹಾಯ ಮಾಡುತ್ತದೆ.

ಎಲ್ಲರೂ ಮಾಡುವ ಎರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಒಂದು, ಚೀಟಿಯನ್ನು ವರ್ಡ್‌ನಲ್ಲಿ ಟೈಪ್ ಮಾಡಬಾರದು. ವರ್ಡ್ ನೇರವಾದ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತದೆ, ಸೆಟಪ್‌ಗೆ ಅದು ಅರ್ಥವಾಗುವುದಿಲ್ಲ. ಎರಡು, ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂಬ ಬಾಲ ತಾನೇ ಅಂಟಿಕೊಳ್ಳಬಹುದು. ಆ ಬಾಲ ಕಣ್ಣಿಗೆ ಕಾಣದೆಯೂ ಇರಬಹುದು. ಫೈಲ್ ಎದುರಿಗೇ ಇದ್ದರೂ ಸಿಗಲಿಲ್ಲ ಎಂದು ಸೆಟಪ್ ಹೇಳಿದರೆ ಮೊದಲು ಇದನ್ನೇ ನೋಡಿ.

ನಾಲ್ಕನೇ ಹೆಜ್ಜೆ: ಇಳಿಸುವುದು, ಹಾಕುವುದು

ಇದಕ್ಕೆ ಎರಡೇ ಆಜ್ಞೆಗಳು. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಸೆಟಪ್ ಎಂದು ಬರೆದು, ಜಾಗ ಬಿಟ್ಟು, ಸ್ಲ್ಯಾಷ್ ಹಾಕಿ ಡೌನ್‌ಲೋಡ್ ಎಂದು ಬರೆದು, ಮತ್ತೆ ಜಾಗ ಬಿಟ್ಟು ಚೀಟಿಯ ಹೆಸರು ಬರೆಯಬೇಕು. ಆಗ ಚೀಟಿಯಲ್ಲಿ ಹೇಳಿದ ಆಫೀಸ್ ಒಂದೇ ಒಂದು ಸಲ ಇಳಿಯುತ್ತದೆ. ಎಲ್ಲೂ ಹಾಕಿಕೊಳ್ಳುವುದಿಲ್ಲ, ಫೋಲ್ಡರಿನಲ್ಲಿ ಸುಮ್ಮನೆ ಇರುತ್ತದೆ. ಆ ಫೋಲ್ಡರನ್ನು ಲ್ಯಾಬಿನ ನೆಟ್‌ವರ್ಕಿನಲ್ಲಿ ಹಂಚಿಕೊಳ್ಳಬಹುದು ಅಥವಾ ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು. ಆಮೇಲೆ ಪ್ರತಿ ಕಂಪ್ಯೂಟರಿನಲ್ಲಿ ಅದೇ ಆಜ್ಞೆಯನ್ನು ಡೌನ್‌ಲೋಡ್ ಬದಲು ಕಾನ್ಫಿಗರ್ ಎಂದು ಬರೆದು ಕೊಡಬೇಕು. ಮುಂದಿನದನ್ನು ಚೀಟಿಯೇ ನೋಡಿಕೊಳ್ಳುತ್ತದೆ.

ಸರ್ ಹೇಳಿದಂತೆ ಮೊದಲು ಒಂದನೇ ನಂಬರಿನಲ್ಲಿ ಮಾತ್ರ ಹಾಕಿ ನೋಡಿದೆವು. ವರ್ಡ್ ತೆರೆದು ಕನ್ನಡ ಟೈಪ್ ಮಾಡಿದೆವು. ಎಕ್ಸೆಲ್‌ನಲ್ಲಿ ಗೆಳತಿಯ ವಾಟರ್‌ಫಾಲ್ ಚಾರ್ಟ್ ತೆರೆದೆವು. ಪ್ರಿಂಟ್ ತೆಗೆದೆವು. ಎಲ್ಲ ಸರಿ. ಆಮೇಲೆ ಉಳಿದ 19. ಎರಡನೇ ದಿನ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಲ್ಯಾಬಿನ ಕೆಲಸ ಮುಗಿಯಿತು. ಸರ್ ಸಂತೋಷಪಟ್ಟು ಮರುದಿನ ಮೌಲ್ಯಮಾಪನದ ಕೆಲಸಕ್ಕೆ ಬೇರೆ ಊರಿಗೆ ಹೋದರು. ಹೋಗುವ ಮೊದಲು ಗ್ರಂಥಾಲಯದ ಕಂಪ್ಯೂಟರಿಗೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಿಕೊಟ್ಟು, “ಇದೊಂದ ಉಳದೈತಿ, ನೀವ ಮುಗಿಸ್ರಿ” ಅಂದರು.

ನನ್ನ ತಪ್ಪು

ಗ್ರಂಥಾಲಯದ ಕಂಪ್ಯೂಟರಿಗೂ ನಾನು ಅದೇ ಚೀಟಿ ಕೊಟ್ಟೆ. ಇಪ್ಪತ್ತಕ್ಕೆ ಸರಿಯಾದದ್ದು ಇಪ್ಪತ್ತೊಂದನೆಯದಕ್ಕೆ ಸರಿಯಾಗದೆ ಇರುತ್ತದೆಯೇ ಎಂದು ನನ್ನ ಧೈರ್ಯ. ಕೆಲಸ ಮುಗಿಯಿತು, ಯಾವ ದೋಷವನ್ನೂ ತೋರಿಸಲಿಲ್ಲ. ಕಂಪ್ಯೂಟರ್ ಆಫ್ ಮಾಡಿ ಬಸ್ಸಿಗೆ ಓಡಿದೆ.

ಮರುದಿನ ಬೆಳಿಗ್ಗೆ ಗ್ರಂಥಪಾಲಕಿ ಮೇಡಂ ನನ್ನನ್ನು ಕರೆಸಿದರು. “ಏನ್ ಮಾಡೀಯವಾ? ನನ್ನ ಪುಸ್ತಕದ ಲೆಕ್ಕ ತೆರೀವಲ್ದು” ಅಂದರು.

ಪುಸ್ತಕ ಯಾರಿಗೆ ಕೊಟ್ಟಿದ್ದಾರೆ, ಯಾರು ಹಿಂದಕ್ಕೆ ಕೊಟ್ಟಿದ್ದಾರೆ ಎಂಬ ಲೆಕ್ಕವನ್ನು ಮೇಡಂ ಬಹಳ ವರ್ಷಗಳಿಂದ ಆ್ಯಕ್ಸೆಸ್‌ನಲ್ಲಿ ಇಟ್ಟಿದ್ದರು. ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ. ನನ್ನ ಚೀಟಿಯ ಒಂದು ಸಾಲು ಹಳೆಯ ಆಫೀಸ್ 2010ನ್ನು ತೆಗೆಯಿತು, ಅದರ ಜೊತೆ ಹಳೆಯ ಆ್ಯಕ್ಸೆಸ್ ಹೋಯಿತು. ಇನ್ನೊಂದು ಸಾಲು ಹೊಸ ಆ್ಯಕ್ಸೆಸ್ ಬೇಡ ಎಂದಿತ್ತು, ಹಾಗಾಗಿ ಹೊಸದೂ ಬರಲಿಲ್ಲ. ಲೆಕ್ಕದ ಫೈಲ್ ಅಲ್ಲೇ ಇತ್ತು, ತೆರೆಯುವ ಪ್ರೋಗ್ರಾಂ ಇರಲಿಲ್ಲ. ಪೆಟ್ಟಿಗೆ ಇದೆ, ಬೀಗದ ಕೈ ಇಲ್ಲ ಎಂಬ ಹಾಗಾಯಿತು.

ಅದು ದ್ವಿತೀಯ ಪಿಯುಸಿಯವರು ಗ್ರಂಥಾಲಯದಿಂದ ನೋ ಡ್ಯೂ ಸಹಿ ತೆಗೆದುಕೊಳ್ಳುವ ವಾರ. ಆ ಸಹಿ ಇಲ್ಲದೆ ಹಾಲ್ ಟಿಕೆಟ್ ಕೊಡುವುದಿಲ್ಲ. ಲೆಕ್ಕ ನೋಡದೆ ಸಹಿ ಹಾಕಲು ಮೇಡಂ ಅವರಿಗೆ ಬರುವುದಿಲ್ಲ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಸರ್ ಹತ್ತಿರ, ಸರ್ ಊರಲ್ಲಿಲ್ಲ. ಸರದಿಯಲ್ಲಿ ನಿಂತಿದ್ದ ಅಕ್ಕಂದಿರು ಹಿಂದಿರುಗಿದರು. ಅವರಲ್ಲಿ ಒಬ್ಬರು ಹೊಲದ ಕೂಲಿ ಬಿಟ್ಟು ಬಂದಿದ್ದರು. ಅಂದಿನ ಕೂಲಿಯೂ ಹೋಯಿತು, ಬಸ್ಸಿನಲ್ಲಿ ಬಂದು ಹೋಗುವ ಹೊತ್ತೂ ಹೋಯಿತು, ಸಹಿಯೂ ಸಿಗಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. “ನಾಳೆ ಬರ್ತೀನಿ ಬಿಡವಾ” ಅಂದು ಹೋದರು. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮೂರು ದಿನ ಮೇಡಂ ಹಳೆಯ ಕೈಬರಹದ ರಿಜಿಸ್ಟರ್ ತೆಗೆದು ಒಂದೊಂದೇ ಹೆಸರು ಹುಡುಕಿದರು. ನಾನೂ ಪಕ್ಕದಲ್ಲಿ ಕುಳಿತು ಹೆಸರು ಓದಿದೆ. ನಾಲ್ಕನೇ ದಿನ ಸರ್ ಬಂದರು. ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಚೀಟಿಯ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಆ್ಯಕ್ಸೆಸ್ ಬೇಡ ಎಂಬ ಒಂದು ಸಾಲನ್ನು ಅಳಿಸಿ, ಮತ್ತೆ ಕಾನ್ಫಿಗರ್ ಆಜ್ಞೆ ಕೊಟ್ಟರು. ಆ್ಯಕ್ಸೆಸ್ ಬಂತು, ಲೆಕ್ಕ ತೆರೆಯಿತು. ಮೂರು ದಿನ ಜನರನ್ನು ನಿಲ್ಲಿಸಿದ್ದು ಆ ಒಂದು ಸಾಲು.

ಸರ್ ಬೈಯುತ್ತಾರೆ ಎಂದು ಕಾದಿದ್ದೆ. ಅವರು ರಿಜಿಸ್ಟರ್ ತರಿಸಿ ಏಳನೇ ಕಾಲಂ ಎಳೆಯಲು ಹೇಳಿದರು. ಅದರ ತಲೆಬರಹ: ‘ಯಾರು ಬಳಸುತ್ತಾರೆ, ಯಾವುದಕ್ಕೆ?’

ಒಂದನೇ ನಂಬರಿನಲ್ಲಿ ಪರೀಕ್ಷೆ ಮಾಡಿದೆವಲ್ಲ, ಹಾಗಿದ್ದರೂ ತಪ್ಪಾದದ್ದು ಏಕೆ ಎಂದು ನಾನು ಬಹಳ ಯೋಚಿಸಿದೆ. ಒಂದನೇ ನಂಬರು ಲ್ಯಾಬಿನ ಕಂಪ್ಯೂಟರ್. ಅಲ್ಲಿ ಸರಿಯಾದದ್ದು ಅದರಂಥ ಕಂಪ್ಯೂಟರ್‌ಗಳಿಗೆ ಮಾತ್ರ ಸರಿ. ಗ್ರಂಥಾಲಯದ ಕಂಪ್ಯೂಟರ್ ನೋಡಲು ಹಾಗೆಯೇ ಇದ್ದರೂ ಅದರ ಕೆಲಸ ಬೇರೆ. ಯಂತ್ರದ ವಿವರವನ್ನು ಯಂತ್ರವೇ ಹೇಳುತ್ತದೆ. ಅದರ ಕೆಲಸದ ವಿವರವನ್ನು ಅದರ ಮುಂದೆ ಕೂರುವವರನ್ನೇ ಕೇಳಬೇಕು.

ಚೀಟಿ ಮಾಡದ ಕೆಲಸಗಳು

ಚೀಟಿ ಎಲ್ಲವನ್ನೂ ಮಾಡುವುದಿಲ್ಲ. ಮುಖ್ಯವಾದ ಒಂದು ವಿಷಯ ಕನ್ನಡದ್ದು. ನಮ್ಮಲ್ಲಿ ಹಳೆಯ ಪತ್ರಗಳು ಬಹಳಷ್ಟು ನುಡಿಯಲ್ಲಿ ಟೈಪ್ ಆದವು. ನುಡಿ ಎಂಬುದು ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ತಂತ್ರಾಂಶ. ಅದರ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಪತ್ರ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಕಾಣುತ್ತವೆ. ಚೀಟಿಯಲ್ಲಿ ಕೆಎನ್-ಐಎನ್ ಬರೆದರೆ ಈ ಫಾಂಟ್ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಹಾಕಬೇಕು. ವಿಂಡೋಸ್ ಜೊತೆಗೆ ಬರುವ ನಿರ್ಮಲಾ ಫಾಂಟು ಯೂನಿಕೋಡ್ ಕನ್ನಡವನ್ನು ತೋರಿಸುತ್ತದೆ. ಆದ್ದರಿಂದ ಹೊಸ ಪತ್ರಗಳನ್ನೆಲ್ಲ ಯೂನಿಕೋಡಿನಲ್ಲೇ ಟೈಪ್ ಮಾಡುವ ಅಭ್ಯಾಸ ಒಳ್ಳೆಯದು.

ಇನ್ನೊಂದು ಪರವಾನಗಿಯ ವಿಷಯ. ಸಾಧನ ಉಚಿತ, ಆಫೀಸ್ ಉಚಿತ ಅಲ್ಲ. ಕೊಂಡಾಗ 25 ಅಕ್ಷರಗಳ ಒಂದು ಕೀ ಕೊಡುತ್ತಾರೆ. ಅದನ್ನು ಚೀಟಿಯಲ್ಲೇ ಬರೆದರೆ ಪ್ರತಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕಷ್ಟ ಇಲ್ಲ. ಆದರೆ ಆಗ ಚೀಟಿ ಯಾರ ಕೈಗೆ ಸಿಕ್ಕರೂ ಕೀ ಸಿಕ್ಕ ಹಾಗೆ. ಕೀ ಕಾಲೇಜಿನದು, ನಮ್ಮ ಕೈಯಲ್ಲಿರುವುದು ಅಮಾನತ್. ಕೆಲಸ ಮುಗಿದ ದಿನವೇ ನಾವು ಪೆನ್‌ಡ್ರೈವಿನಿಂದ ಅದನ್ನು ಅಳಿಸಿದೆವು. ರಿಜಿಸ್ಟರಿನಲ್ಲಿ ಅಂಟಿಸಿದ ಪ್ರತಿಯಲ್ಲಿ ಕೀ ಇದ್ದ ಜಾಗವನ್ನು ಖಾಲಿ ಬಿಟ್ಟೆವು.

ಕೊಳ್ಳಲು ಹಣ ಇಲ್ಲದವರು ಏನು ಮಾಡಬೇಕು?

ಕುಪ್ಪೇಲೂರಿನಲ್ಲಿ ನನ್ನ ಮಾಮು ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಮೂರು ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಯಾರೋ ಹಾಕಿಕೊಟ್ಟ ಕಳ್ಳ ಆಫೀಸ್ ಇತ್ತು. ಕಾಲೇಜಿನ ಕೆಲಸ ಮುಗಿಸಿ ಬಂದ ಮೇಲೆ ನಾನು ಮಾಮು ಹತ್ತಿರ ಈ ಮಾತು ತೆಗೆದೆ. ಎಲ್ಲರ ಅಂಗಡಿಯಲ್ಲೂ ಇರೋದು ಇದೇ ಅಲ್ವಾ ಬೇಟಿ ಎಂದು ಮೊದಲು ನಕ್ಕರು. ಇಂಥ ಪ್ರತಿಗಳ ಜೊತೆ ವೈರಸ್ ಬರುವುದೂ ಉಂಟು, ಜನ ಇಲ್ಲಿ ತಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿಸುತ್ತಾರೆ ಎಂದೆ. ಆಗ ಸುಮ್ಮನಾದರು.

ಅದಕ್ಕೆ ದಾರಿ ಇದೆ. ಲಿಬ್ರೆ ಆಫೀಸ್ ಎಂಬುದು ಸ್ವತಂತ್ರ ತಂತ್ರಾಂಶ. 2010ರ ಸೆಪ್ಟೆಂಬರಿನಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯ ಹೆಸರಿನಲ್ಲಿ ಶುರುವಾಯಿತು. ಹಣ ಕೊಡಬೇಕಾಗಿಲ್ಲ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ಕನ್ನಡದ ಮೆನುಗಳೂ ಇವೆ. ಇದನ್ನೂ ಆಜ್ಞೆ ಕೊಟ್ಟು ಹಲವು ಕಂಪ್ಯೂಟರಿಗೆ ಒಂದೇ ತರಹ ಹಾಕಬಹುದು.

ಇದು ಬಡವರ ಉಪಾಯ ಎಂದು ಯಾರೂ ತಿಳಿಯಬಾರದು. ನಮ್ಮ ನೆರೆಯ ಕೇರಳ ರಾಜ್ಯವನ್ನು ನೋಡಿ. ಅಲ್ಲಿ ಶಾಲೆಗಳಿಗಾಗಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿ ಆಯಿತು. ಅವರು ಉಬುಂಟು ಎಂಬ ಸ್ವತಂತ್ರ ವ್ಯವಸ್ಥೆಯನ್ನು ತೆಗೆದುಕೊಂಡು, ಲಿಬ್ರೆ ಆಫೀಸ್, ಭಾರತೀಯ ಭಾಷೆಗಳ ಟೈಪಿಂಗ್, ಪಾಠದ ತಂತ್ರಾಂಶಗಳನ್ನೆಲ್ಲ ಮೊದಲೇ ಸೇರಿಸಿ, ಎಲ್ಲ ಶಾಲೆಗಳಿಗೂ ಒಂದೇ ರೂಪದಲ್ಲಿ ಕೊಡುತ್ತಾರೆ. 2019ರಲ್ಲಿ ಹೊಸ ಆವೃತ್ತಿ ಬಂದಾಗ ಅದು ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೋಗುತ್ತದೆ, ಸುಮಾರು 3000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಇದರಲ್ಲೇ. ಅವರಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ನಮ್ಮದು 21 ಕಂಪ್ಯೂಟರ್, ಅವರದು ಎರಡು ಲಕ್ಷ. ಆದರೆ ಮೂಲ ವಿಚಾರ ಒಂದೇ: ಏನು ಬೇಕು ಎಂದು ಮೊದಲು ಒಂದು ಕಡೆ ನಿರ್ಧಾರ ಮಾಡಿ, ಅದನ್ನೇ ಎಲ್ಲ ಕಡೆ ಹಾಕುವುದು.

ಮಾಮು ಅಂಗಡಿಯ ಒಂದು ಕಂಪ್ಯೂಟರಿಗೆ ಈಗ ಲಿಬ್ರೆ ಆಫೀಸ್ ಹಾಕಿದ್ದೇವೆ. ಈ ಸಲ ನಾನು ಮೊದಲು ಮಾಮು ಹತ್ತಿರ ಕುಳಿತು, ಗಿರಾಕಿಗಳು ಯಾವ ಯಾವ ಫೈಲ್ ತರುತ್ತಾರೆ ಎಂದು ಒಂದು ವಾರ ಬರೆದುಕೊಂಡೆ. ಉಳಿದ ಎರಡಕ್ಕೆ ರಂಜಾನ್ ನಂತರ ಹಾಕೋಣ ಅಂದಿದ್ದಾರೆ.

ಕೊನೆಯ ಮಾತು

ಕಿರಿಯರು ನೆನಪಿಡಬೇಕಾದದ್ದು ಇಷ್ಟು. ಮೊದಲು ಯಂತ್ರಗಳನ್ನು ಎಣಿಸಿ. ಅವುಗಳ ಮುಂದೆ ಕೂರುವವರನ್ನು ಕೇಳಿ. ಆಮೇಲೆ ಚೀಟಿ ಬರೆಯಿರಿ. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ. ಬೇರೆ ಬೇರೆ ಕೆಲಸದ ಒಂದೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಸರಿಪಡಿಸುವವರು ಊರಲ್ಲಿ ಇರುವ ದಿನವೇ ಉಳಿದವಕ್ಕೆ ಹಾಕಿ. ಚೀಟಿಯನ್ನು ತಾರೀಖು ಮತ್ತು ಹೆಸರು ಬರೆದು ರಿಜಿಸ್ಟರಿನಲ್ಲಿ ಇಡಿ. ಮುಂದಿನ ವರ್ಷ ನಾವು ಯಾರೂ ಇಲ್ಲಿ ಇರುವುದಿಲ್ಲ. ಯಾವುದರಲ್ಲಿ ಏನಿದೆ, ಏಕೆ ಹಾಗಿದೆ ಎಂದು ಬಂದವರಿಗೆ ಆ ಚೀಟಿಯೇ ಹೇಳಬೇಕು.

ನಮ್ಮ ರಿಜಿಸ್ಟರಿನಲ್ಲಿ ಈಗ ಎರಡು ಚೀಟಿಗಳಿವೆ. ಒಂದು ಲ್ಯಾಬಿನದು, ಒಂದು ಗ್ರಂಥಾಲಯದ್ದು. ಎರಡನೆಯದರ ಕೆಳಗೆ ‘ಇಲ್ಲಿ ಆ್ಯಕ್ಸೆಸ್ ತೆಗೆಯಬಾರದು, ಪುಸ್ತಕದ ಲೆಕ್ಕ ಇದೆ’ ಎಂದು ನನ್ನ ಕೈಯಲ್ಲೇ ಬರೆದು ಸಹಿ ಮಾಡಿದ್ದೇನೆ.

 ಅಂದು ಸಹಿ ಸಿಗದೆ ಹಿಂದಿರುಗಿದ ಅಕ್ಕಂದಿರಲ್ಲಿ ಈ ಲೇಖನದ ಮೂಲಕ ಕ್ಷಮೆ ಕೇಳುತ್ತೇನೆ.